ಜರ್ಮನಿಯ ಸಂತೆಯಲ್ಲಿ ಸಿಕ್ಕ ಹಳೆ ಸಿಗಾರ್ ಅಚ್ಚು: ತೊಳೆಯಬಹುದಾ? ಜೊತೆಗೆ ಇನ್ನೇನು ಸಲಕರಣೆ ಬೇಕು?

ವಿಟ್ಲದವ

ಎಲ್ಲರಿಗೂ ನಮಸ್ಕಾರ. ಊರು ವಿಟ್ಲದ ಹತ್ತಿರ, ಕೆಲಸ ಬ್ರೆಮೆನ್ ಕಡೆ. ಮೊನ್ನೆ ಭಾನುವಾರ ಇಲ್ಲಿನ ಹಳೆ ಸಾಮಾನಿನ ಸಂತೆಗೆ ಹೋಗಿದ್ದೆ. ಒಡೆದ ಗಡಿಯಾರ, ಹಿತ್ತಾಳೆ ದೀಪಗಳ ನಡುವೆ ಒಂದು ಮರದ ಹಲಗೆ ಕಣ್ಣಿಗೆ ಬಿತ್ತು. ಎರಡು ಹೋಳು, ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ಮೇಲಿನದನ್ನು ಎತ್ತಿದರೆ ಒಳಗೆ ಸಾಲಾಗಿ 20 ಗುಳಿ. ಒಂದೊಂದೂ ನಡುವಲ್ಲಿ ಉಬ್ಬಿ, ತುದಿಯಲ್ಲಿ ಸಣ್ಣಗಾಗಿದೆ. ಮಾರುತ್ತಿದ್ದ ಅಜ್ಜಿ ‘ವಿಕೆಲ್‌ಫಾರ್ಮ್’ ಅಂದರು, ಸಿಗಾರ್ ಸುತ್ತುವವರ ಅಚ್ಚು. 15 ಯೂರೋಗೆ ಕೊಟ್ಟರು. ಬದಿಯಲ್ಲಿ ‘ಓಸೆನ್‌ಬ್ರೂಕ್, ಬ್ರೆಮೆನ್’ ಅಂತ ಮುದ್ರೆ ಇದೆ, ಪಕ್ಕದಲ್ಲಿ ಒಂದು ಅಂಕಿ.

ನಾನು ಸೇದುವವನಲ್ಲ. ಆದರೆ ನನ್ನ ಅಮ್ಮ 30 ವರ್ಷ ಬೀಡಿ ಕಟ್ಟಿದ್ದಾರೆ. ನನ್ನ ಶಾಲೆಯ ಫೀಸು, ಮನೆಯ ಮಾಡಿನ ಹಂಚು ಎಲ್ಲ ಬೀಡಿ ಕಟ್ಟುವಾಗ ತೊಡೆಯ ಮೇಲಿಡುವ ಆ ಗೆರಸೆಯಿಂದಲೇ ಬಂದದ್ದು. ಈ ಅಚ್ಚನ್ನು ಕೈಯಲ್ಲಿ ಹಿಡಿದಾಗ ಬಂದ ವಾಸನೆ ನಮ್ಮ ಮನೆಯ ಜಗಲಿಯದ್ದೇ. ಇದನ್ನು ಶೋಕೇಸಿನಲ್ಲಿ ಇಡಲು ಮನಸ್ಸಿಲ್ಲ. ಒಂದು ಸಲವಾದರೂ ಸರಿಯಾಗಿ ಸಿಗಾರ್ ಸುತ್ತಿ ನೋಡಬೇಕು, ಆ ಕೆಲಸ ಹೇಗಿತ್ತು ಅಂತ ಕೈಗೆ ತಿಳಿಯಬೇಕು.

ಪ್ರಶ್ನೆಗಳು: ಒಳಗೆಲ್ಲ ಕಪ್ಪು ಜಿಡ್ಡು ಇದೆ, ಸೋಪು ಹಾಕಿ ತೊಳೆಯಬಹುದಾ? ಒಂದು ಮೂಲೆಯಲ್ಲಿ ಹುಳ ಕೊರೆದ ತೂತು ಇದೆ, ಏನು ಮಾಡುವುದು? ಅಚ್ಚಿನ ಜೊತೆಗೆ ಬೇರೆ ಏನೇನು ಸಲಕರಣೆ ಬೇಕು?

ಉಳಿಬಾಚಿ, ಸಾಗರ

ದಯವಿಟ್ಟು ನೀರು ಮುಟ್ಟಿಸಬೇಡಿ! ಮೊದಲು ಇದನ್ನು ಓದಿ, ಆಮೇಲೆ ಬೇರೆಯವರ ಸಲಹೆ ಕೇಳಿ.

ಇಂಥ ಅಚ್ಚುಗಳನ್ನು ಹೆಚ್ಚಾಗಿ ಬೀಚ್ ಮರದಲ್ಲಿ ಮಾಡುತ್ತಿದ್ದರು. ಗಟ್ಟಿ ಮರ, ಕಣ ಸಣ್ಣದು, ಆದರೆ ನೀರು ಕುಡಿದರೆ ಉಬ್ಬುವುದರಲ್ಲಿ ಎತ್ತಿದ ಕೈ. ಎರಡು ಹೋಳು ಅಲುಗದ ಹಾಗೆ ಹಿಡಿಯುವುದು ಮೂಲೆಯ ಗೂಟಗಳು. ಒಮ್ಮೆ ಉಬ್ಬಿತೆಂದರೆ ಗೂಟ ತೂತಿಗೆ ಇಳಿಯುವುದಿಲ್ಲ, ಇಳಿದರೂ ಮೇಲಿನ ಗುಳಿ ಕೆಳಗಿನ ಗುಳಿಯ ನೇರಕ್ಕೆ ಬರುವುದಿಲ್ಲ. ಅರ್ಧ ಮಿಲಿಮೀಟರ್ ತಪ್ಪಿದರೆ ಸಿಗಾರಿನ ಎರಡೂ ಮಗ್ಗುಲಲ್ಲಿ ಏಣು ಬರುತ್ತದೆ.

ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಗುಳಿಯ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಜಿಡ್ಡು ಗಟ್ಟಿಯಾಗಿದ್ದರೆ ಬಿದಿರಿನ ಕಡ್ಡಿಯ ತುದಿ ಚಪ್ಪಟೆ ಮಾಡಿಕೊಂಡು ಮೆಲ್ಲಗೆ ಕೆರೆಯಿರಿ. ಮರಳು ಕಾಗದ ಬೇಡವೇ ಬೇಡ. ಗುಳಿಯ ಅಳತೆಯೇ ಆ ಅಚ್ಚಿನ ಜೀವ, ಅದನ್ನು ಸವೆಸಿದರೆ ಉಳಿಯುವುದು ಬರೀ ಸೌದೆ. ಅಗಸೆ ಎಣ್ಣೆ, ವಾರ್ನಿಷ್ ಹಚ್ಚುವವರೂ ಇದ್ದಾರೆ. ಗೋಡೆಗೆ ನೇತುಹಾಕಲು ಆದರೆ ಸರಿ, ಸುತ್ತುವುದಾದರೆ ಆ ಎಣ್ಣೆಯ ಕಮಟು ಎಲೆಗೆ ಹತ್ತುತ್ತದೆ.

ಹುಳಕ್ಕೆ: ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಸುತ್ತಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹೊರಗೆ ಬಿಡಿ, ಇಲ್ಲವಾದರೆ ಮರದ ಮೇಲೆ ನೀರು ಕೂರುತ್ತದೆ. ತೂತಿನಿಂದ ಹೊಸ ಹುಡಿ ಉದುರುತ್ತಿಲ್ಲ ಅಂದರೆ ಹುಳ ಹೋಗಿ ಎಷ್ಟೋ ವರ್ಷವಾಗಿರಬಹುದು.

ಅಚ್ಚಿನ ಎರಡು ಉದ್ದ ಅಂಚುಗಳ ಫೋಟೋ ಹಾಕಿ. ಗುಳಿಗಳು ಮುಗಿಯುವ ಕಡೆ.

ವಿಟ್ಲದವ

ಹಾಕಿದ್ದೇನೆ. ಒಂದು ಅಂಚಿನ ತುಂಬ ಸಣ್ಣ ಸಣ್ಣ ಗೀರು, ಯಾರೋ ಚಾಕುವಿನಿಂದ ಕೆತ್ತಿದ ಹಾಗಿದೆ. ಇನ್ನೊಂದು ಅಂಚು ನುಣ್ಣಗಿದೆ. ಎರಡೂ ಹೋಳಿನಲ್ಲಿ ಒಂದೇ ಅಂಕಿ ಇದೆ.

ಉಳಿಬಾಚಿ, ಸಾಗರ

ಅಂಕಿ ಒಂದೇ ಇದ್ದರೆ ನಿಮ್ಮದು ಹುಟ್ಟು ಜೋಡಿ. ಬೇರೆ ಬೇರೆ ಅಚ್ಚಿನ ಮೇಲು–ಕೆಳಗು ಸೇರಿಸಿ ಮಾರುವವರು ಬಹಳ, ಅದೃಷ್ಟವಂತರು ನೀವು.

ಆ ಗೀರುಗಳೇ ನಾನು ನೋಡಬೇಕೆಂದಿದ್ದು. ಒಳಗಿನ ತಂಬಾಕಿನ ಸುರುಳಿಯನ್ನು ಗುಳಿಯಲ್ಲಿ ಇಟ್ಟಾಗ ಅದರ ತುದಿ ಅಂಚಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ಚಾಕುವನ್ನು ಮರಕ್ಕೆ ತಾಗಿಸಿಕೊಂಡು ಹೆಚ್ಚಿನದನ್ನು ಕೊಯ್ದು ಹಾಕುತ್ತಾರೆ. ಒಂದೊಂದು ಗೀರೂ ಒಂದೊಂದು ಕೊಯ್ತ. ಅದನ್ನು ಅಳಿಸಬೇಡಿ.

ಟ್ಯಾಂಪಾ ಕನ್ನಡಿಗ

ಒಳ್ಳೆಯ ವಿಷಯ ಎತ್ತಿದ್ದೀರಿ. ನಾನಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಇಲ್ಲಿನ ಈಬೋರ್ ಸಿಟಿಯನ್ನು 1885–86ರಲ್ಲಿ ಕಟ್ಟಿದ್ದೇ ಸಿಗಾರಿಗಾಗಿ. ಕ್ಯೂಬನ್ನರು, ಸ್ಪೇನಿನವರು, ಇಟಾಲಿಯನ್ನರು ಸಾವಿರಗಟ್ಟಲೆ ಕೂತು ಸುತ್ತುತ್ತಿದ್ದ ಊರು. ಈಗಲೂ ಅಂಗಡಿ ಬಾಗಿಲಲ್ಲಿ ಕೂತು ಸುತ್ತುವವರಿದ್ದಾರೆ. ಅವರ ಪಕ್ಕ ನಿಂತು ಒಂದಿಷ್ಟು ಕಲಿತಿದ್ದೇನೆ.

ಸಲಕರಣೆ ಬಹಳ ಇಲ್ಲ. ಕ್ಯೂಬಾದವರ ಕೈಯಲ್ಲಿ ಇರುವುದು ಒಂದು ಹಲಗೆ, ಒಂದು ‘ಚವೇಟಾ’. ಚವೇಟಾ ಎಂದರೆ ಹಿಡಿಯಿಲ್ಲದ ಅರ್ಧಚಂದ್ರದ ತಗಡು ಚಾಕು. ಅಂಗೈಯನ್ನು ಅದರ ಬೆನ್ನಿನ ಮೇಲಿಟ್ಟು ತೊಟ್ಟಿಲು ತೂಗಿದ ಹಾಗೆ ಉರುಳಿಸಿದರೆ ಎಲೆ ಹರಿಯದೆ ಕೊಯ್ಯುತ್ತದೆ. ಅದೇ ಚಾಕುವಿನ ಚಪ್ಪಟೆ ಮುಖದಿಂದ ಸಿಗಾರನ್ನು ಹಲಗೆಯ ಮೇಲೆ ಉರುಳಿಸಿ ನಯ ಮಾಡುವುದೂ ಆಗುತ್ತದೆ. ಹಿಡಿ ಇರುವ ಯಾವ ಚಾಕುವಿನಲ್ಲೂ ಈ ಎರಡು ಕೆಲಸ ಆಗುವುದಿಲ್ಲ.

ಆಮೇಲೆ ಸಿಗಾರನ್ನು ಬೇಕಾದ ಅಳತೆಗೆ ಕತ್ತರಿಸುವ ಸಣ್ಣ ಗಿಲೊಟಿನ್. ಹಳೆಯವು ಸಿಕ್ಕರೆ ಬಿಡಬೇಡಿ. ಎರಕದ ಕಬ್ಬಿಣದ ಅಡಿ, ಅಳತೆಯ ಪಟ್ಟಿ, ಒತ್ತಿದರೆ ಬೀಳುವ ಅಲಗು. ದಪ್ಪ ನೋಡಲು ತೂತುಗಳಿರುವ ಒಂದು ಹಲಗೆ. ಈ ದಪ್ಪವನ್ನು ಇಂಚಿನ 64ನೇ ಭಾಗದಲ್ಲಿ ಹೇಳುತ್ತಾರೆ: 42 ಅಂದರೆ 42/64 ಇಂಚು, ಸುಮಾರು 16.7 ಮಿಲಿಮೀಟರ್. ನಿಮ್ಮ ಗುಳಿಯ ನಡು ಎಷ್ಟಿದೆ ಅಳೆದು ನೋಡಿ.

ಅಮೆರಿಕದಲ್ಲಿ ಅಚ್ಚಿಗೆ ಹೆಸರಾದದ್ದು ಸಿನ್ಸಿನಾಟಿಯ ‘ಮಿಲ್ಲರ್, ಡುಬ್ರುಲ್ ಅಂಡ್ ಪೀಟರ್ಸ್’. ಆದರೆ ಅಚ್ಚು ಇಲ್ಲಿಗೆ ಬಂದದ್ದು ನಿಮ್ಮ ಜರ್ಮನಿಯಿಂದಲೇ. 1870ರ ದಶಕದಲ್ಲಿ ನ್ಯೂಯಾರ್ಕಿನ ಸಿಗಾರ್ ಕಾರ್ಮಿಕರು ಇದರ ವಿರುದ್ಧ ದೊಡ್ಡ ಜಗಳವನ್ನೇ ಮಾಡಿದ್ದರು. ವರ್ಷಗಟ್ಟಲೆ ಕಲಿತ ಕೈ ಮಾತ್ರ ಮಾಡಬಲ್ಲ ಆಕಾರವನ್ನು ಅಚ್ಚು ಯಾರಿಗೆ ಬೇಕಾದರೂ ಕೊಟ್ಟುಬಿಡುತ್ತಿತ್ತು. ಕಡಿಮೆ ಕೂಲಿಗೆ ಹೆಂಗಸರನ್ನೂ ಹೊಸಬರನ್ನೂ ಕೂರಿಸುವುದು ಮಾಲೀಕರಿಗೆ ಸುಲಭವಾಯಿತು.

ಬಂಟ್ವಾಳದ ಅಕ್ಕ

ವಿಟ್ಲದ ತಮ್ಮ, ನಿಮ್ಮ ಬರಹ ಓದಿ ಹೊಟ್ಟೆಯೊಳಗೆ ಏನೋ ಆಯ್ತು ಮಾರಾಯ್ರೆ. ನಾನೂ ಹದಿನಾಲ್ಕನೇ ವಯಸ್ಸಿಗೇ ಗೆರಸೆ ಹಿಡಿದವಳು. ತುಳುವಿನಲ್ಲಿ ತಡ್ಪೆ ಅಂತೇವೆ. ಈಗ ಬೆರಳು ಬಗ್ಗುವುದಿಲ್ಲ, ಬಿಟ್ಟಿದ್ದೇನೆ.

ಸಲಕರಣೆ ಕೇಳಿದ್ರಲ್ಲ. ನಮಗೆ ಅಚ್ಚು ಅಂದರೆ ಒಂದು ತಗಡಿನ ತುಂಡು ಅಷ್ಟೆ. ರಾತ್ರಿ ಎಲೆ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಆಮೇಲೆ ಆ ತಗಡನ್ನು ಎಲೆಯ ಮೇಲಿಟ್ಟು ಸುತ್ತ ಕತ್ತರಿ ಆಡಿಸಬೇಕು. ಒಂದು ಎಲೆಯಲ್ಲಿ ಎರಡು ತುಂಡು ತೆಗೆಯಬಲ್ಲವಳು ಜಾಣೆ. ಕಂಪನಿ ಕೊಡುವ ಎಲೆಯಲ್ಲಿ ಅರ್ಧ ತೂತು, ಅರ್ಧ ಹರಕು. ಲೆಕ್ಕಕ್ಕೆ ಬೀಡಿ ಕಡಿಮೆ ಬಿದ್ದರೆ ನಮ್ಮ ಕೈಯಿಂದಲೇ ಎಲೆ ಕೊಳ್ಳಬೇಕು.

ಕತ್ತರಿ ಅಂದರೆ ಬಟ್ಟೆ ಕತ್ತರಿ ಅಲ್ಲ. ಕಬ್ಬಿಣದ್ದು, ಸಾಣೆ ಹಿಡಿಸಿ ಹಿಡಿಸಿ ಅಲಗು ಸಪೂರ ಆಗಿರ್ತದೆ. ನನ್ನ ಅತ್ತೆಯ ಕತ್ತರಿ ಈಗಲೂ ಉಂಟು. ಹೆಬ್ಬೆರಳು ಹಾಕುವ ಕಣ್ಣಿಗೆ ಬಟ್ಟೆ ಸುತ್ತಿದೆ, ಆ ಬಟ್ಟೆ ಗಟ್ಟಿಯಾಗಿ ಕಬ್ಬಿಣದ ಹಾಗೇ ಆಗಿದೆ. ಅದು ಬಿಚ್ಚಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಗೆರಸೆ ತೊಡೆಯ ಮೇಲೆ, ಎದುರು ತಂಬಾಕಿನ ಹುಡಿ, ಎಡಗಡೆ ಎಲೆ, ಬಲಗಡೆ ನೂಲು. ಹುಡಿ ಚಿಟಿಕೆಯಷ್ಟು, 0.2 ಗ್ರಾಮಿನ ಆಸುಪಾಸು. ನಾವು ತೂಗುವುದಿಲ್ಲ, ಬೆರಳಿಗೆ ಗೊತ್ತಾಗ್ತದೆ. ಸುತ್ತಿ, ತುದಿ ಮಡಚಿ, ನೂಲು ಬಿಗಿದು, 25ರ ಕಟ್ಟು ಮಾಡಿ ಕಂಪನಿಯ ಬ್ರಾಂಚಿಗೆ ಒಯ್ಯುವುದು. ಅಲ್ಲಿ ಕೂತವರು ಕಟ್ಟು ಹಿಂಡಿ ನೋಡಿ ‘ಇದು ಸಡಿಲ, ಇದು ಬೇಡ’ ಅಂತ ಪಕ್ಕಕ್ಕೆ ಬಿಸಾಡಿದರೆ ಆ ದಿನದ ಕೂಲಿಗೆ ಕತ್ತರಿ. ಬಿಸಾಡಿದ ಬೀಡಿ ವಾಪಸು ಕೊಡುವುದೂ ಇಲ್ಲ. ಅದನ್ನು ಏನು ಮಾಡ್ತಾರೆ ಅಂತ ಕೇಳಿದವಳಿಗೆ ಮರುವಾರ ಎಲೆ ಇಲ್ಲ.

ಕಾಸರಗೋಡು ಮೇಷ್ಟ್ರು

ಅಕ್ಕಾ, ನಿಮ್ಮ ಅತ್ತೆಯವರ ಕತ್ತರಿಯನ್ನು ಜೋಪಾನವಾಗಿಡಿ. ಇಂಥ ವಸ್ತುಗಳನ್ನು ಸಂಗ್ರಹಿಸುವವರು ನಮ್ಮಲ್ಲಿ ಕಡಿಮೆ. ಯಕ್ಷಗಾನದ ಕಿರೀಟ, ಭೂತದ ಆಯುಧ ಕೂಡಿಡುತ್ತೇವೆ. ಒಂದು ಜಿಲ್ಲೆಯ ಅರ್ಧ ಮನೆಗಳನ್ನು ಸಾಕಿದ ಗೆರಸೆ, ತಗಡನ್ನು ಗುಜರಿಗೆ ಹಾಕುತ್ತೇವೆ. ನನಗೆ ಇದು ತುಂಬ ಬೇಸರದ ಸಂಗತಿ.

ಟ್ಯಾಂಪಾದವರ ಮಾತಿಗೆ ಒಂದು ಸೇರಿಸುತ್ತೇನೆ. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದ ಒಬ್ಬರು ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುವುದು ಶುರುವಾಯಿತು. ಸುತ್ತುವವರ ಕೈಗೆ ಬಿಡುವಿಲ್ಲ, ಕಿವಿಗೆ ಉಂಟಲ್ಲ. ಓದುವವರಿಗೆ ಸಂಬಳ ಕೊಡುತ್ತಿದ್ದದ್ದು ಕಾರ್ಮಿಕರೇ. ನಮ್ಮ ಕಣ್ಣೂರಿನ ಬೀಡಿ ಶೆಡ್ಡುಗಳಲ್ಲೂ ಇದೇ ಪದ್ಧತಿ ಇತ್ತು. ಒಬ್ಬರು ಪತ್ರಿಕೆ ಓದುವಾಗ ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಅದನ್ನು ಕೇರಳದಲ್ಲಿ ಜಾರಿಗೆ ತರುವಾಗ ಖಾಸಗಿಯವರು ಶೆಡ್ಡು ಮುಚ್ಚಿದರು. ಕೆಲಸ ಕಳೆದುಕೊಂಡವರು ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು.

ಕ್ಯೂಬಾದವರಿಗೂ ಕಣ್ಣೂರಿನವರಿಗೂ ಒಬ್ಬರನ್ನೊಬ್ಬರು ನೋಡಿ ಕಲಿಯುವ ದಾರಿ ಇರಲಿಲ್ಲ. ಕೆಲಸದ ಬಗೆಯೇ ಇಬ್ಬರಿಂದಲೂ ಹಾಗೆ ಮಾಡಿಸಿತು ಎಂದು ನನ್ನ ಅಭಿಪ್ರಾಯ.

ಬಂಟ್ವಾಳದ ಅಕ್ಕ

ಮೇಷ್ಟ್ರೆ, ಶೆಡ್ಡಿನವರಿಗೆ ಓದುವವರು. ಮನೆಯಲ್ಲಿ ಕಟ್ಟುವ ನಮಗೆ ಆಕಾಶವಾಣಿ ಮಂಗಳೂರು.

ನಿಪ್ಪಾಣಿ ಮಂದಿ

ನಮ್ಮವ್ವ ತಂಬಾಕ ವಖಾರ್ಯಾಗ ದುಡದಾಕಿ ರೀ. ಬೀಡಿಗೆ ಹೋಗೋ ತಂಬಾಕು ನಮ್ಮ ಕಡೀದ ಐತಿ. ಅಲ್ಲಿ ಸಲಕರಣೆ ಅಂದ್ರ ಜರಡಿ. ದೊಡ್ಡ ಕಣ್ಣಿಂದು, ಸಣ್ಣ ಕಣ್ಣಿಂದು, ಒಂದರ ಕೆಳಗ ಒಂದು. ಹೆಂಗಸರು ಬಡದು ಬಡದು ಜರಡಿ ಹಿಡೀತಿದ್ರು, ವಖಾರಿ ತುಂಬ ಹಳದಿ ಧೂಳ ಏಳ್ತಿತ್ತು. ಅವ್ವ ಮನೀಗೆ ಬಂದು ಸೆರಗ ಝಾಡಿಸಿದ್ರ ನಾವು ಸೀನ್ತಿದ್ವಿ. ಆಕಿ ಕೆಮ್ಮು ಕೊನೀತನಕ ಹೋಗಲಿಲ್ಲ.

ಅದಕ್ಕ ಒಂದ್ ಮಾತು ಹೇಳ್ತೀನಿ ಅಣ್ಣಾರ. ಆ ಅಚ್ಚು ಬ್ರಷ್ ಹಚ್ಚಿ ತಿಕ್ಕೋಮುಂದ ಮೂಗಿಗೆ ಮಾಸ್ಕ್ ಹಾಕ್ಕೋರಿ, ಕಿಟಕಿ ತೆಗೀರಿ. ನೂರು ವರ್ಷದ ತಂಬಾಕ ಧೂಳ ಅದು, ಮ್ಯಾಲೆ ಬೂಸ್ಟ ಬ್ಯಾರೆ. ಸಣ್ಣ ಮಕ್ಕಳಿದ್ರ ಆ ಖೋಲ್ಯಾಗ ಬಿಡಬ್ಯಾಡ್ರಿ.

ಹುಣಸೂರು ಗೌಡ

ನಾವು ಹೊಗೆಸೊಪ್ಪು ಬೆಳೆಯೋರು. ನಿಪ್ಪಾಣಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಮಳೆ ಬಿದ್ದ ಮಾರನೇ ದಿನ ಬರೀ ಕೈಯಲ್ಲಿ ಹಸಿ ಸೊಪ್ಪು ಮುರಿದರೆ ತಲೆ ಸುತ್ತಿ ವಾಂತಿ ಆಗುತ್ತೆ, ನಿಕೋಟಿನ್ ಚರ್ಮದಲ್ಲೇ ಇಳಿಯುತ್ತೆ. ಸುತ್ತುವಾಗಲೂ ಎಲೆ ಒದ್ದೆ ಮಾಡುತ್ತೀರಲ್ಲ, ಕೈಗವಸು ಹಾಕಿಕೊಳ್ಳಿ, ಆಮೇಲೆ ಕೈ ತೊಳೀರಿ.

ಊರಿಗೆ ಬಂದಾಗ ಹುಣಸೂರಿನ ಸೊಪ್ಪು ಒಯ್ದು ಸುತ್ತೋಣ ಅನ್ನೋ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮದು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಒಣಗಿಸೋ ಮನೆಯಲ್ಲಿ, ಶಾಖ ಕೊಟ್ಟು ನಾಲ್ಕೈದು ದಿನದಲ್ಲಿ ಹಳದಿ ಮಾಡಿ ಒಣಗಿಸೋ ಸೊಪ್ಪು, ಸಿಗರೇಟಿಗೆ. ಸಕ್ಕರೆ ಅಂಶ ಹಾಗೇ ಉಳಿಯುತ್ತೆ. ಸಿಗಾರಿಗೆ ಬೇಕಾದ್ದು ನೆರಳಿನಲ್ಲಿ ಗಾಳಿಗೆ ವಾರಗಟ್ಟಲೆ ಒಣಗಿ, ಆಮೇಲೆ ರಾಶಿ ಹಾಕಿ ಬೆವರಿಸಿದ ಎಲೆ. ರಾಶಿ ಒಳಗೇ ಬಿಸಿಯಾಗಿ, ಮಗುಚಿ ಹಾಕಿ, ಮತ್ತೆ ಬಿಸಿಯಾಗಿ ಕಂದು ಬಣ್ಣಕ್ಕೆ ಬರುತ್ತೆ. ನಮ್ಮ ದೇಶದಲ್ಲಿ ಅಂಥ ಎಲೆ ತಮಿಳುನಾಡಿನ ದಿಂಡಿಗಲ್ ಕಡೆ, ಮೇಲು ಸುತ್ತಿಗೆ ಬಂಗಾಳದ ಕೂಚ್ ಬಿಹಾರ್ ಕಡೆ ಬೆಳೆಯುತ್ತಾರೆ.

ಕಾಸರಗೋಡು ಮೇಷ್ಟ್ರು

ದಿಂಡಿಗಲ್ ಅಂದಾಗ ನೆನಪಾಯಿತು. ತಿರುಚಿನಾಪಳ್ಳಿಯ ಚುಟ್ಟಾ ಬ್ರಿಟಿಷರ ಕಾಲದಲ್ಲಿ ಲಂಡನ್ನಿನವರೆಗೆ ಹೆಸರಾಗಿತ್ತು. ಇಂಗ್ಲಿಷಿನ ‘ಶೆರೂಟ್’ ತಮಿಳಿನ ‘ಸುರುಟ್ಟು’ವಿನಿಂದ ಹೋದದ್ದು. ನಾವು ಚಾಪೆ ‘ಸುರುಟಿ ಇಡು’ ಅನ್ನುತ್ತೇವಲ್ಲ, ಅದೇ ಮಾತು.

ಟ್ಯಾಂಪಾ ಕನ್ನಡಿಗ

ಚವೇಟಾ ಎಲ್ಲಿ ಸಿಗುತ್ತದೆ ಅಂತ ಒಬ್ಬರು ಖಾಸಗಿಯಾಗಿ ಕೇಳಿದ್ದರು. ಹಳೆ ಗರಗಸದ ತಗಡಿದ್ದರೆ ಯಾವುದೇ ಕಮ್ಮಾರರು ಮಾಡಿಕೊಡುತ್ತಾರೆ. ಬಾಗಿದ ಅಂಚಿಗೆ ಮಾತ್ರ ಸಾಣೆ, ಬೆನ್ನು ಅಂಗೈಗೆ ಚುಚ್ಚದ ಹಾಗೆ ಉರುಟಾಗಿರಲಿ. ತಗಡು ಬಿಸಿಯಾಗಿ ನೀಲಿಗೆ ತಿರುಗದ ಹಾಗೆ ನೋಡಿಕೊಳ್ಳಬೇಕು, ತಿರುಗಿದರೆ ಹದ ಹೋಯಿತು.

ಉಳಿಬಾಚಿ, ಸಾಗರ

ಕಮ್ಮಾರರ ತನಕ ಯಾಕೆ? ಚಪ್ಪಲಿ ಹೊಲಿಯುವವರ ಹತ್ತಿರ ಇರುವ ರಂಪಿಗೆ ನೋಡಿದ್ದೀರಾ? ಅದೂ ಬಾಗಿದ ಅಲಗೇ, ತೂಗಿ ಕೊಯ್ಯುವುದೂ ಹಾಗೆಯೇ. ಚರ್ಮಕ್ಕೂ ಎಲೆಗೂ ಕಷ್ಟ ಒಂದೇ, ಎಳೆದು ಕೊಯ್ದರೆ ಅಂಚು ಜಗ್ಗುತ್ತದೆ. ಹಿಡಿ ಇರುವುದರಿಂದ ಉರುಳಿಸಲು ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ಬೇರೆ ನಯವಾದ ಹಲಗೆ ತುಂಡು ಸಾಕು.

ಟ್ಯಾಂಪಾ ಕನ್ನಡಿಗ

ಒಪ್ಪುವುದಿಲ್ಲ ಸಾರ್. ಕೈಯಿಂದ ಚಾಕು ಇಟ್ಟು ಹಲಗೆ ಎತ್ತಿಕೊಳ್ಳುವ ಹೊತ್ತಿಗೆ ಮೇಲೆಲೆ, ಅಂದರೆ ಸಿಗಾರಿನ ಹೊರಗೆ ಸುತ್ತುವ ಎಲೆ, ಒಣಗಿ ಬಿಡುತ್ತದೆ. ಸೂಕ್ಷ್ಮ ಎಲೆ ಅದು, ಈರುಳ್ಳಿ ಸಿಪ್ಪೆಯಂತೆ. ಚವೇಟಾದ ಹೆಚ್ಚುಗಾರಿಕೆ ಇರುವುದೇ ಅದು ಕೈ ಬಿಡುವುದಿಲ್ಲ ಎಂಬುದರಲ್ಲಿ.

ಬೈಂಡಿಂಗ್ ಅಂಗಡಿ, ಅವೆನ್ಯೂ ರಸ್ತೆ

ಅಚ್ಚಿನ ಮಾತಾಡ್ತಿದ್ದೀರಿ, ಒತ್ತೋದು ಯಾವುದರಲ್ಲಿ? ತಿರುಪಿನ ಪ್ರೆಸ್ ಬೇಕೇ ಬೇಕು. ಪುಸ್ತಕ ಬೈಂಡ್ ಮಾಡೋ ಹಳೆ ಎರಕದ ಪ್ರೆಸ್ ಇದ್ದರೆ ಸಾಕು, ಕೆಲಸ ಒಂದೇ. ಕೊಳ್ಳುವಾಗ ಮೂರು ನೋಡಿ: ತಿರುಪಿನ ಎಳೆ ಸವೆದಿರಬಾರದು, ಮೇಲಿನ ತಟ್ಟೆ ನಾಲ್ಕೂ ಮೂಲೆ ಸಮ ಇಳಿಯಬೇಕು, ಎರಕದಲ್ಲಿ ಕೂದಲೆಳೆ ಬಿರುಕು ಇರಬಾರದು. ಬಿರುಕಿಗೆ ಬಣ್ಣ ಬಳಿದು ಮಾರ್ತಾರೆ. ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಗಂಟೆಯ ಹಾಗೆ ನುಡಿದರೆ ಸರಿ, ಬೊದ್ದು ಸದ್ದು ಬಂದರೆ ಬೇಡ.

ಟ್ಯಾಂಪಾ ಕನ್ನಡಿಗ

ಸರಿಯಾಗಿ ಹೇಳಿದಿರಿ. ಒತ್ತುವ ಕ್ರಮ: ಒಳ ತಂಬಾಕನ್ನು ನಡುವಿನ ಎಲೆಯಲ್ಲಿ ಸುತ್ತಿ ಗುಳಿಯಲ್ಲಿಟ್ಟು ಅಚ್ಚು ಮುಚ್ಚಿ ಪ್ರೆಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ಬಿಡುವುದು. ಆಮೇಲೆ ಬಿಚ್ಚಿ ಪ್ರತಿಯೊಂದನ್ನೂ ಕಾಲು ಸುತ್ತು ತಿರುಗಿಸಿ ಮತ್ತೆ ಅಷ್ಟೇ ಹೊತ್ತು. ತಿರುಗಿಸದಿದ್ದರೆ ಹೋಳು ಕೂಡುವ ಕಡೆ ಏಣು ಉಳಿಯುತ್ತದೆ. ಅತಿ ಬಿಗಿ ಮಾಡಿದರೆ ಗಾಳಿಯೇ ಆಡುವುದಿಲ್ಲ. ಕೊನೆಗೆ ಮೇಲೆಲೆ ಓರೆಯಾಗಿ ಸುತ್ತಿ, ತಲೆಗೆ ಸಣ್ಣ ಟೋಪಿ ಅಂಟಿಸುವುದು. ಅಂಟು ಸಸ್ಯದ್ದೇ ಆಗಿರಬೇಕು, ಹಿಂದಿನಿಂದ ಬಳಸುವುದು ಟ್ರಾಗಕಾಂತ್ ಗಿಡದ ಅಂಟು. ಫೆವಿಕಾಲ್ ಮುಟ್ಟಬೇಡಿ.

ವಿಟ್ಲದವ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಉಪಕಾರ.

ಗುಳಿಯ ನಡು 17 ಮಿಲಿಮೀಟರ್, ಟ್ಯಾಂಪಾದವರ ಲೆಕ್ಕದಲ್ಲಿ 43ರ ಹತ್ತಿರ. ಫ್ರೀಜರ್ ಚಿಕಿತ್ಸೆ ಮುಗಿಯಿತು. ಮಾಸ್ಕ್ ಹಾಕಿ ಒಣ ಬ್ರಷ್ಷಿನಲ್ಲಿ ಎರಡು ಸಂಜೆ ಉಜ್ಜಿದೆ. ಜಿಡ್ಡಿನಡಿಯ ಮರ ಜೇನಿನ ಬಣ್ಣ.

ನಡುವೆ ಒಂದು ಶನಿವಾರ ಬ್ಯೂಂಡೆ ಎಂಬ ಊರಿಗೆ ಹೋಗಿ ಬಂದೆ. ವೆಸ್ಟ್‌ಫಾಲಿಯಾದ ಸಣ್ಣ ಊರು, ಸಿಗಾರ್ ಊರು ಅಂತಲೇ ಹೆಸರು. ಅಲ್ಲಿ ತಂಬಾಕು ಮತ್ತು ಸಿಗಾರಿನ ಮ್ಯೂಸಿಯಂ ಇದೆ. ನನಗೆ ಗೊತ್ತಿರದ ಸಂಗತಿ: ಆ ಸೀಮೆಯಲ್ಲಿ ಸಿಗಾರ್ ಬರೀ ಕಾರ್ಖಾನೆಯಲ್ಲಿ ಅಲ್ಲ, ಮನೆ ಮನೆಯಲ್ಲೂ ಸುತ್ತುತ್ತಿದ್ದರಂತೆ. ಕಂಪನಿಯಿಂದ ಎಲೆ ತರುವುದು, ಮನೆಯಲ್ಲಿ ಗಂಡ ಹೆಂಡತಿ ಸುತ್ತುವುದು, ಮಕ್ಕಳು ಎಲೆಯ ನಡುದಂಟು ತೆಗೆದುಕೊಡುವುದು, ಮುಗಿದದ್ದನ್ನು ತಿರುಗಿ ಒಪ್ಪಿಸುವುದು. ನಾನು ಮೂರನೇ ಕ್ಲಾಸಿನಲ್ಲಿ ಅಮ್ಮನಿಗೆ ಎಲೆಯ ನರ ತೆಗೆದುಕೊಟ್ಟದ್ದು ಅಲ್ಲಿ ನಿಂತಾಗ ಕಣ್ಣೆದುರು ಬಂತು. ಅಲ್ಲಿನ ಬೆಂಚು, ಅಚ್ಚು, ಪ್ರೆಸ್ ಎಲ್ಲ ನೋಡಿದೆ. ಅಚ್ಚುಗಳ ಅಂಚಿನಲ್ಲಿ ಅದೇ ಗೀರು.

ಮೇಷ್ಟ್ರು ಹೇಳಿದ ಮಾತು ಮನಸ್ಸಿನಲ್ಲಿದೆ. ಅಮ್ಮನ ಗೆರಸೆ, ತಗಡು, ಕತ್ತರಿಯನ್ನು ಗುಜರಿಗೆ ಹಾಕಬೇಡಿ ಅಂತ ಊರಿಗೆ ಫೋನು ಮಾಡಿದೆ. ಗೆರಸೆ ಮುರಿದು ಒಲೆಗೆ ಹೋಗಿದೆ. ತಗಡು, ಕತ್ತರಿ ಇವೆ.

ವೀಡಿಯೋ ಕಾಲಿನಲ್ಲಿ ಅಚ್ಚು ತೋರಿಸಿದೆ. ಅಮ್ಮ ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು. ಅಂಚಿನ ಗೀರು ಯಾಕೆ ಅಂತ ನಾನು ವಿವರಿಸುವ ಮೊದಲೇ ‘ಅಲ್ಲಿ ಕೊಯ್ತಾರೆ ಅಲ್ವಾ’ ಅಂದರು. ಆಮೇಲೆ ಕೇಳಿದ್ದು ಒಂದೇ: ‘ಸಾವಿರಕ್ಕೆ ಎಷ್ಟು ಕೊಡ್ತಿದ್ರಂತೆ?’

ಬಂಟ್ವಾಳದ ಅಕ್ಕ

ಎಷ್ಟಂತೆ? ಅಲ್ಲಿಯೂ ಸಾವಿರದ ಲೆಕ್ಕವಾ?

ವಿಟ್ಲದವ

ಹೌದು ಅಕ್ಕ, ಅಲ್ಲಿಯೂ ಸಾವಿರದ ಲೆಕ್ಕವೇ. ಎಷ್ಟು ಅಂತ ನೋಡಿಕೊಂಡು ಬರಲಿಲ್ಲ, ಅಮ್ಮ ಕೇಳುವ ತನಕ ನನಗೆ ಹೊಳೆಯಲೇ ಇಲ್ಲ. ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ, ಕೇಳಿಕೊಂಡು ಬಂದು ಇಲ್ಲೇ ಬರೆಯುತ್ತೇನೆ. ನಿಮ್ಮ ಅತ್ತೆಯವರ ಕತ್ತರಿಯ ಒಂದು ಫೋಟೋ ಹಾಕಬಹುದಾ? ಬಟ್ಟೆ ಸುತ್ತಿದ ಕಣ್ಣು ಕಾಣುವ ಹಾಗೆ.